ಅಜ್ಜಿ ನಿನ್ನೆ ಹೀಗಿರಲಿಲ್ಲ



ನಮ್ಮ ಮನೆಗಳಲ್ಲಿ ಹಿರಿಯರು ಇದ್ದಾರೆ. ಅತ್ತೆ, ಮಾವ, ಅಪ್ಪ, ಅವ್ವ. ವಯಸ್ಸಾದ ಮೇಲೆ ಕಾಯಿಲೆ ಬರುತ್ತೆ. ಕೆಲವು ಸಲ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ. ಆಗ ಅವರ ಜೊತೆ ಹೋಗಿ ಇರುವವರು ಯಾರು? ಹೆಚ್ಚಾಗಿ ನಾವು ಹೆಂಗಸರೇ. ಗಂಜಿ ಕುಡಿಸುವವರು ನಾವು. ಬಟ್ಟೆ ಬದಲಿಸುವವರು ನಾವು. ರಾತ್ರಿ ಮಂಚದ ಪಕ್ಕದಲ್ಲಿ ಚಾಪೆ ಹಾಸಿ ಮಲಗುವವರೂ ನಾವೇ.

ಹಾಗೆ ಜೊತೆಗಿರುವಾಗ ಕೆಲವರು ಇದನ್ನು ಕಂಡಿರಬಹುದು. ನಿನ್ನೆಯವರೆಗೆ ಸರಿಯಾಗಿ ಮಾತಾಡುತ್ತಿದ್ದ ಅಜ್ಜಿ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾರೆ. ಮಗನನ್ನೇ ಗುರುತು ಹಿಡಿಯುವುದಿಲ್ಲ. ಸತ್ತುಹೋದವರನ್ನು ಕರೆಯುತ್ತಾರೆ. ಗೋಡೆ ಮೇಲೆ ಹುಳ ಹರಿಯುತ್ತಿದೆ ಅನ್ನುತ್ತಾರೆ. ನೋಡಿದವರಿಗೆ ಹೆದರಿಕೆ ಆಗುತ್ತೆ.

ಇದು ಏನು? ಯಾಕೆ ಬರುತ್ತೆ? ಬರದ ಹಾಗೆ ತಡೆಯಲು ಆಗುತ್ತಾ? ನಾವು ಡಾಕ್ಟರಲ್ಲ, ಶಾಲೆಯ ಟೀಚರು. ಡಾಕ್ಟರುಗಳು ಬರೆದದ್ದನ್ನು ಓದಿ, ತಿಳಿದುಕೊಂಡು, ಇಲ್ಲಿ ಸುಲಭವಾಗಿ ಬರೆದಿದ್ದೇವೆ. ನಿಧಾನವಾಗಿ ಓದಿ. ಒಬ್ಬರು ಓದಿ, ಉಳಿದವರು ಕೇಳಿದರೂ ಆಯಿತು.

ಏನಿದು?

ಇದಕ್ಕೆ ಡಾಕ್ಟರುಗಳು ಡೆಲಿರಿಯಂ ಅನ್ನುತ್ತಾರೆ. ನಮ್ಮ ಹಳ್ಳಿ ಕಡೆ ಸನ್ನಿ ಅನ್ನುತ್ತೇವೆ. ಜ್ವರ ನೆತ್ತಿಗೇರಿ ಬಡಬಡಿಸಿದರೆ "ಸನ್ನಿ ಹಿಡಿದಿದೆ" ಅನ್ನುತ್ತೇವಲ್ಲ, ಅದೇ. ಬಾಣಂತಿ ಸನ್ನಿ ಅಂತ ಒಂದಿದೆ. ಅದು ಬೇರೆ. ಇಲ್ಲಿ ನಾವು ಹೇಳುವುದು ವಯಸ್ಸಾದವರಿಗೆ ಕಾಯಿಲೆ ಬಿದ್ದಾಗ ಬರುವ ಸನ್ನಿ.

ಡೆಲಿರಿಯಂ ಅನ್ನುವ ಮಾತು ಲ್ಯಾಟಿನ್ ಅನ್ನುವ ಹಳೆಯ ಭಾಷೆಯಿಂದ ಬಂದಿದೆ. ಆ ಭಾಷೆಯಲ್ಲಿ ಲೀರಾ ಅಂದರೆ ನೇಗಿಲಿನ ಸಾಲು. ಸಾಲು ಬಿಟ್ಟು ಆಚೆ ಹೋಗುವುದೇ ಡೆಲಿರಿಯಂ. ಹೊಲ ಉಳುವಾಗ ಏನಾಗುತ್ತೆ? ಎತ್ತು ಬೆದರಿದರೆ ನೇಗಿಲು ಸಾಲು ತಪ್ಪುತ್ತೆ. ಹೊಲ ಕೆಟ್ಟಿಲ್ಲ, ನೇಗಿಲೂ ಮುರಿದಿಲ್ಲ. ಎತ್ತು ಯಾಕೆ ಬೆದರಿತು ಅಂತ ನೋಡಿ ಸರಿಮಾಡಿದರೆ ಮತ್ತೆ ಸಾಲಿಗೆ ಬರುತ್ತೆ. ಸನ್ನಿಯೂ ಹೆಚ್ಚುಕಡಿಮೆ ಹಾಗೇ. ಮನಸ್ಸು ಸಾಲು ತಪ್ಪಿದೆ. ಯಾಕೆ ತಪ್ಪಿತು ಅಂತ ಹುಡುಕಬೇಕು.

ಕಾರಣ ಸಾಮಾನ್ಯವಾಗಿ ದೇಹದಲ್ಲಿ ಇರುತ್ತೆ. ನಮ್ಮ ಮೆದುಳು ಕೆಲಸ ಮಾಡಬೇಕಾದರೆ ರಕ್ತದಲ್ಲಿ ಗಾಳಿ, ನೀರು, ಉಪ್ಪು, ಸಕ್ಕರೆ ಎಲ್ಲ ಹದವಾಗಿ ಇರಬೇಕು. ಮೈಯಲ್ಲಿ ಸೋಂಕು ಆದರೆ, ನೀರು ಕಡಿಮೆ ಆದರೆ, ಔಷಧಿ ಹೆಚ್ಚಾದರೆ ಆ ಹದ ಕೆಡುತ್ತೆ. ವಯಸ್ಸಾದವರ ಮೆದುಳು ಅದನ್ನು ತಡೆದುಕೊಳ್ಳುವುದಿಲ್ಲ.

ಗುರುತು ಹಿಡಿಯುವುದು ಹೇಗೆ?

ನಾಲ್ಕು ಗುರುತು ಇವೆ.

1. ಇದ್ದಕ್ಕಿದ್ದಂತೆ ಬರುತ್ತೆ. ಕೆಲವು ಗಂಟೆಗಳಲ್ಲಿ, ಇಲ್ಲವೇ ಒಂದೆರಡು ದಿನದಲ್ಲಿ.

2. ಒಂದೇ ಸಮ ಇರುವುದಿಲ್ಲ. ಬೆಳಿಗ್ಗೆ ಸರಿಯಾಗಿರುತ್ತಾರೆ. ಸಂಜೆ, ರಾತ್ರಿ ಹೆಚ್ಚಾಗುತ್ತೆ.

3. ಗಮನ ನಿಲ್ಲುವುದಿಲ್ಲ. ನಾವು ಮಾತಾಡುತ್ತಿದ್ದರೆ ಅರ್ಧಕ್ಕೇ ಮನಸ್ಸು ಎಲ್ಲೋ ಹೋಗುತ್ತೆ.

4. ಮಾತಿಗೆ ತಾಳಮೇಳ ಇರುವುದಿಲ್ಲ. ಎಲ್ಲಿದ್ದೇನೆ, ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ.

ಸನ್ನಿಯಲ್ಲಿ ಎರಡು ಬಗೆ ಇದೆ. ಒಂದು, ಕೂಗಾಡುವ ಸನ್ನಿ. ಮಂಚದಿಂದ ಇಳಿಯಲು ಹೋಗುತ್ತಾರೆ. ಸೂಜಿ, ಪೈಪು ಕೀಳುತ್ತಾರೆ. ಬೈಯುತ್ತಾರೆ, ಹೊಡೆಯಲೂ ಬರುತ್ತಾರೆ. ಇದು ಎಲ್ಲರ ಕಣ್ಣಿಗೂ ಬೀಳುತ್ತೆ.

ಇನ್ನೊಂದು, ಸುಮ್ಮನೆ ಮಲಗುವ ಸನ್ನಿ. ಇವರು ಗಲಾಟೆ ಮಾಡುವುದಿಲ್ಲ. ಮಂಕಾಗಿ ಬಿದ್ದಿರುತ್ತಾರೆ. ಕರೆದರೆ ಕಣ್ಣು ಬಿಟ್ಟು ಮತ್ತೆ ಮುಚ್ಚುತ್ತಾರೆ. ಊಟ ಬೇಡ, ಮಾತು ಬೇಡ. ನೋಡಿದವರು "ಪಾಪ, ಸುಸ್ತಾಗಿದೆ, ಮಲಗಲಿ ಬಿಡಿ" ಅನ್ನುತ್ತಾರೆ. ವಯಸ್ಸಾದವರಲ್ಲಿ ಈ ಬಗೆ ಹೆಚ್ಚಾಗಿ ಕಾಣುತ್ತೆ. ಯಾರಿಗೂ ಗೊತ್ತಾಗದೆ ಇರುವುದರಿಂದ ಇದೇ ಹೆಚ್ಚು ಅಪಾಯ. ಕೆಲವರಲ್ಲಿ ಎರಡೂ ಸೇರಿ ಇರುತ್ತೆ. ಹಗಲು ಮಂಕು, ರಾತ್ರಿ ಕೂಗಾಟ.

ಗಾಳಿಯೂ ಅಲ್ಲ, ಅರಳು ಮರಳೂ ಅಲ್ಲ

ಜನ ಏನೇನೋ ಹೇಳುತ್ತಾರೆ. ಗಾಳಿ ಸೋಕಿದೆ ಅನ್ನುತ್ತಾರೆ. ದೆವ್ವ ಮೆಟ್ಟಿದೆ ಅನ್ನುತ್ತಾರೆ. ಹಾಗಲ್ಲ. ತಾಯತ ಕಟ್ಟಿಸಲು ಓಡಾಡಿದರೆ ಹೊತ್ತು ಹೋಗುತ್ತೆ. ಒಳಗಿನ ಕಾಯಿಲೆ ಬೆಳೆಯುತ್ತೆ.

ಹುಚ್ಚು ಅನ್ನುತ್ತಾರೆ. ಅದೂ ಅಲ್ಲ. ಇದು ಮೈಯ ಕಾಯಿಲೆ ಮನಸ್ಸಿನಲ್ಲಿ ಕಾಣಿಸಿಕೊಳ್ಳುವುದು.

"ಅರವತ್ತಕ್ಕೆ ಅರಳು ಮರಳು" ಅಂತ ಗಾದೆ ಇದೆ. ವಯಸ್ಸಾದ ಮೇಲೆ ಹೀಗೇ ಅಂತ ಸುಮ್ಮನಾಗುತ್ತಾರೆ. ಇಲ್ಲಿ ಒಂದು ವ್ಯತ್ಯಾಸ ತಿಳಿಯಬೇಕು. ಮರೆವಿನ ಕಾಯಿಲೆ ಬೇರೆ. ಅದು ಸಾಮಾನ್ಯವಾಗಿ ನಿಧಾನವಾಗಿ ಬರುತ್ತೆ. ತಿಂಗಳು, ವರ್ಷಗಟ್ಟಲೆ ಹಿಡಿಯುತ್ತೆ. ಸನ್ನಿ ಒಂದೆರಡು ದಿನದಲ್ಲೇ ಬರುತ್ತೆ. ಮರೆವಿನ ಕಾಯಿಲೆ ಇದ್ದವರಿಗೆ ಸನ್ನಿಯೂ ಬರಬಹುದು. ಆಗ ಅವರು ಇದ್ದಕ್ಕಿಂತ ಒಮ್ಮೆಲೇ ಹೆಚ್ಚು ಕೆಡುತ್ತಾರೆ. "ಇವರು ಮೊದಲೇ ಹೀಗೆ" ಅಂತ ಬಿಡಬಾರದು.

ಒಂದು ಉದಾಹರಣೆ

ತಿಳಿಯುವುದಕ್ಕೆ ಒಂದು ಉದಾಹರಣೆ ಕಟ್ಟಿ ಹೇಳುತ್ತೇವೆ.

ಒಬ್ಬ ಅಜ್ಜಿ. ವಯಸ್ಸು 76. ಬಚ್ಚಲಲ್ಲಿ ಜಾರಿ ಬಿದ್ದರು. ಸೊಂಟದ ಹತ್ತಿರ ತೊಡೆಯ ಮೂಳೆ ಮುರಿಯಿತು. ಜಿಲ್ಲಾ ಆಸ್ಪತ್ರೆಗೆ ಸೇರಿಸಿದರು. ಆಪರೇಷನ್ ಆಯಿತು. ಮಾರನೇ ದಿನ ಸಂಜೆಯವರೆಗೆ ಅಜ್ಜಿ ಚೆನ್ನಾಗಿದ್ದರು.

ರಾತ್ರಿ ಎದ್ದು ಕೂತರು. ಕೈಗೆ ಹಾಕಿದ್ದ ಗ್ಲೂಕೋಸ್ ಸೂಜಿ ಕಿತ್ತರು. "ಕೊಟ್ಟಿಗೆಗೆ ಹೋಗ್ಬೇಕು, ಹಸು ಕರು ಹಾಕ್ತಾ ಇದೆ, ಬಿಡು ನನ್ನ" ಅಂದರು. ಸೊಸೆ ಗಂಜಿ ಕೊಡಲು ಹೋದಳು. "ಇದರಲ್ಲಿ ವಿಷ ಹಾಕಿದ್ದೀಯ. ನನ್ನ ಕೊಲ್ಲೋಕೇ ಇಲ್ಲಿಗೆ ಕರ್ಕೊಂಡು ಬಂದಿದ್ದೀಯ" ಅಂತ ಕೂಗಿದರು. ವಾರ್ಡಿನವರೆಲ್ಲ ಎದ್ದು ಸೊಸೆಯನ್ನೇ ನೋಡಿದರು.

ಮಗ "ಅವ್ವನಿಗೆ ತಲೆ ಕೆಟ್ಟಿದೆ" ಅಂದ. ಪಕ್ಕದ ಮಂಚದವರು "ಗಾಳಿ ಸೋಕಿರ್ಬೇಕು" ಅಂದರು.

ಸೊಸೆಗೆ ಅಳು ಬಂತು. ಆದರೂ ಎದ್ದು ನರ್ಸಮ್ಮನ ಹತ್ತಿರ ಹೋದಳು.

"ಸಿಸ್ಟರ್, ನಮ್ಮತ್ತೆ ಸಂಜೆವರೆಗೂ ಸರಿಯಾಗಿದ್ರು. ಮೊಮ್ಮಗಳ ಪರೀಕ್ಷೆ ವಿಷಯ ಕೇಳ್ತಿದ್ರು. ರಾತ್ರಿ ಹೀಗಾಗಿದೆ. ಮನೇಲಿ ಯಾವತ್ತೂ ಹೀಗಿರಲಿಲ್ಲ" ಅಂದಳು.

"ಹೇಳಿದ್ದು ಒಳ್ಳೇದಾಯ್ತಮ್ಮ. ಈಗಲೇ ಡಾಕ್ಟರನ್ನ ಕರೀತೀನಿ" ಅಂದರು ಸಿಸ್ಟರ್.

ಡಾಕ್ಟರು ಬಂದು ನೋಡಿದರು. ಜ್ವರ ಸಣ್ಣಗೆ ಇತ್ತು. ಮೂತ್ರ ಪರೀಕ್ಷೆ ಮಾಡಿಸಿದರು. ಅದರಲ್ಲಿ ಸೋಂಕು ಇತ್ತು. ಅಜ್ಜಿ ನೀರು ಸರಿಯಾಗಿ ಕುಡಿದಿರಲಿಲ್ಲ. ಮತ್ತೆ ಮತ್ತೆ ಎದ್ದು ಹೋಗಬೇಕಾಗುತ್ತೆ ಅಂತ ಹೆದರಿ ನೀರೇ ಬೇಡ ಅಂದಿದ್ದರು. ಹೊರಕಡೆಗೆ ಹೋಗಿ ನಾಲ್ಕು ದಿನ ಆಗಿತ್ತು. ನಿದ್ದೆ ಬರಲಿ ಅಂತ ಒಂದು ಮಾತ್ರೆಯನ್ನೂ ಕೊಟ್ಟಿದ್ದರು. ಕನ್ನಡಕ ಮನೆಯಲ್ಲೇ ಉಳಿದಿತ್ತು.

ಡಾಕ್ಟರು ಸೋಂಕಿಗೆ ಔಷಧಿ ಕೊಟ್ಟರು. ನಿದ್ದೆ ಮಾತ್ರೆ ನಿಲ್ಲಿಸಿದರು. ಮೂತ್ರದ ಪೈಪು ತೆಗೆಸಿದರು. ನೋವಿಗೆ ಸರಿಯಾದ ಔಷಧಿ ಬರೆದರು. ಮಗ ಊರಿಗೆ ಹೋಗಿ ಕನ್ನಡಕ ತಂದ. ಸೊಸೆ ಗಂಟೆಗೊಮ್ಮೆ ಎರಡೆರಡು ಗುಟುಕು ನೀರು ಕುಡಿಸಿದಳು. ನಾಲ್ಕನೇ ದಿನದ ಹೊತ್ತಿಗೆ ಅಜ್ಜಿ ತಿಳಿಯಾದರು.

ಇಲ್ಲಿ ಕಾರಣ ಒಂದೇ ಅಲ್ಲ, ನೋಡಿದಿರಾ? ಐದಾರು ಸೇರಿದ್ದವು.

ಹೊರೆಯ ಲೆಕ್ಕ

ಸೌದೆ ಹೊರೆ ಹೊತ್ತವರಿಗೆ ಇದು ಬೇಗ ತಿಳಿಯುತ್ತೆ. ಗಟ್ಟಿಮುಟ್ಟಾದ ಹುಡುಗಿ ದೊಡ್ಡ ಹೊರೆ ಹೊತ್ತರೂ ಬೀಳುವುದಿಲ್ಲ. ಮೊದಲೇ ಭಾರ ಹೊತ್ತ ಮುದುಕಿಯ ತಲೆ ಮೇಲೆ ಇನ್ನೆರಡು ಕಟ್ಟಿಗೆ ಇಟ್ಟರೂ ಕಾಲು ತಡವರಿಸುತ್ತೆ. ಸನ್ನಿಯೂ ಹೀಗೆ. ಮೊದಲೇ ಇರುವ ಭಾರ ಒಂದು. ಮೇಲೆ ಬೀಳುವ ಭಾರ ಇನ್ನೊಂದು. ಎರಡೂ ಸೇರಿದಾಗ ಸನ್ನಿ ಬರುತ್ತೆ.

ಮೊದಲೇ ಇರುವ ಭಾರ ಯಾವುವು?

ವಯಸ್ಸು 65 ದಾಟಿರುವುದು. ಮರೆವಿನ ಕಾಯಿಲೆ. ಕಣ್ಣು ಮಂಜು, ಕಿವಿ ಮಂದ. ಹಿಂದೆ ಲಕ್ವ ಹೊಡೆದಿರುವುದು. ಹಿಂದೆ ಒಮ್ಮೆ ಸನ್ನಿ ಬಂದಿರುವುದು. ಮೈಯಲ್ಲಿ ಶಕ್ತಿ ಇಲ್ಲದಿರುವುದು, ಊಟ ಸಾಲದಿರುವುದು. ಮೂತ್ರಪಿಂಡದ, ಹೃದಯದ ಹಳೆಯ ಕಾಯಿಲೆ. ದಿನಾ ಸಾರಾಯಿ ಕುಡಿಯುವ ಚಟ.

ಮೇಲೆ ಬೀಳುವ ಭಾರ ಯಾವುವು?

ಮೂತ್ರದ ಸೋಂಕು, ಶ್ವಾಸಕೋಶದ ಸೋಂಕು. ಮೂಳೆ ಮುರಿತ. ದೊಡ್ಡ ಆಪರೇಷನ್. ಮೈಯಲ್ಲಿ ನೀರು ಕಡಿಮೆಯಾಗುವುದು. ರಕ್ತದಲ್ಲಿ ಉಪ್ಪು, ಸಕ್ಕರೆ ಏರುಪೇರಾಗುವುದು. ಉಸಿರಾಟ ಸಾಲದಿರುವುದು. ತಡೆಯಲಾರದ ನೋವು. ಹೊಟ್ಟೆ ಕಟ್ಟುವುದು, ಮೂತ್ರ ಕಟ್ಟುವುದು. ಹೊಸ ಔಷಧಿಗಳು. ನಿದ್ದೆ ಇಲ್ಲದಿರುವುದು. ಮೂತ್ರದ ಪೈಪು. ಕೈಕಾಲು ಕಟ್ಟಿಹಾಕುವುದು. ಗೊತ್ತಿಲ್ಲದ ಜಾಗ, ಗೊತ್ತಿಲ್ಲದ ಮುಖಗಳು.

ವಯಸ್ಸನ್ನು ನಾವು ಕಡಿಮೆ ಮಾಡಲಾರೆವು. ಆದರೆ ಮೇಲೆ ಬೀಳುವ ಕಟ್ಟಿಗೆಗಳನ್ನು ಒಂದೊಂದಾಗಿ ಇಳಿಸಬಹುದು.

ಇದು ಅಪರೂಪದ ಕಾಯಿಲೆಯೇ? ಅಲ್ಲ. ಹೊರದೇಶದ ಆಸ್ಪತ್ರೆಗಳಲ್ಲಿ ಲೆಕ್ಕ ಹಾಕಿದ್ದಾರೆ. ಕಾಯಿಲೆಯಿಂದ ಸಾಮಾನ್ಯ ವಾರ್ಡಿಗೆ ಸೇರಿದ, 70 ವರ್ಷ ದಾಟಿದ ಮೂವರಲ್ಲಿ ಸುಮಾರು ಒಬ್ಬರಿಗೆ ಸನ್ನಿ ಇರುತ್ತೆ. ಅವರಲ್ಲಿ ಅರ್ಧ ಜನ ಬರುವಾಗಲೇ ಸನ್ನಿ ಇಟ್ಟುಕೊಂಡು ಬರುತ್ತಾರೆ. ಉಳಿದ ಅರ್ಧ ಜನಕ್ಕೆ ಆಸ್ಪತ್ರೆಗೆ ಬಂದ ಮೇಲೆ ಬರುತ್ತೆ. ತುರ್ತು ನಿಗಾ ಘಟಕದಲ್ಲಿ, ಅಂದರೆ ಐಸಿಯುನಲ್ಲಿ, ಇನ್ನೂ ಹೆಚ್ಚು.

ಸನ್ನಿಯನ್ನು ಹಗುರವಾಗಿ ಕಾಣಬಾರದು. ಸನ್ನಿ ಬಂದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರಬೇಕಾಗುತ್ತೆ. ಬಿದ್ದು ಮತ್ತೆ ಮೂಳೆ ಮುರಿದುಕೊಳ್ಳಬಹುದು. ಹಾಸಿಗೆ ಹುಣ್ಣು ಆಗಬಹುದು. ಜೀವಕ್ಕೂ ಅಪಾಯ ಹೆಚ್ಚು. ಮುಂದೆ ಮರೆವಿನ ಕಾಯಿಲೆ ಬರುವ ಸಂಭವವೂ ಹೆಚ್ಚು.

ಮಾತ್ರೆಗಳ ಸಂಗತಿ

ವಯಸ್ಸಾದವರ ಮೈಯಿಂದ ಔಷಧಿ ಬೇಗ ಹೊರಗೆ ಹೋಗುವುದಿಲ್ಲ. ಒಳಗೇ ಉಳಿದು ಸೇರಿಕೊಳ್ಳುತ್ತೆ. ಅದಕ್ಕೇ ನಮಗೆ ಏನೂ ಮಾಡದ ಮಾತ್ರೆ ಅವರಿಗೆ ಸನ್ನಿ ತರಬಹುದು.

ನಿದ್ದೆ ಮಾತ್ರೆ ಇದರಲ್ಲಿ ಮುಖ್ಯ. ನೆಗಡಿಗೆ, ತುರಿಕೆಗೆ ಕೊಡುವ ನಿದ್ದೆ ಬರಿಸುವ ಮಾತ್ರೆಗಳೂ ಹೀಗೆ ಮಾಡಬಹುದು. ಅವಿಲ್, ಸಿಪಿಎಂ ಈ ಜಾತಿಯವು. ಬಲವಾದ ಕೆಲವು ನೋವಿನ ಔಷಧಿಗಳೂ ಹಾಗೇ. ಹಾಗಂತ ನೋವನ್ನು ಸಹಿಸಿಕೊಂಡು ಇರಬಾರದು. ನೋವೂ ಸನ್ನಿ ತರುತ್ತೆ. ಯಾವ ಔಷಧಿ, ಎಷ್ಟು ಅಂತ ಡಾಕ್ಟರು ನೋಡಿ ಕೊಡಬೇಕು.

ಅಂಗಡಿಯಿಂದ ಮಾತ್ರೆ ತಂದು ನಾವಾಗಿ ಕೊಡಬಾರದು. ದಿನಾ ತಗೊಳ್ಳುವ ಮಾತ್ರೆಯನ್ನು ನಾವಾಗಿ ನಿಲ್ಲಿಸಲೂಬಾರದು. "ಡಾಕ್ಟ್ರೇ, ಈ ಮಾತ್ರೆ ಶುರುವಾದ ಮೇಲೆ ಹೀಗಾಗಿದೆ, ಸ್ವಲ್ಪ ನೋಡಿ" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು. ಮನೆಯ ಹಿರಿಯರು ದಿನಾ ಕುಡಿಯುವವರಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ಮರ್ಯಾದೆ ಅಂತ ಮುಚ್ಚಿಡಬೇಡಿ. ಆಸ್ಪತ್ರೆ ಸೇರಿದಾಗ ಕುಡಿತ ಒಮ್ಮೆಲೇ ನಿಲ್ಲುತ್ತೆ. ಎರಡು ಮೂರು ದಿನದಲ್ಲಿ ಕೈ ನಡುಗಿ, ಜೋರಾದ ಸನ್ನಿ ಬರಬಹುದು. ಅದು ಜೀವಕ್ಕೆ ಅಪಾಯ. ಮೊದಲೇ ಗೊತ್ತಿದ್ದರೆ ಡಾಕ್ಟರು ಔಷಧಿ ಕೊಟ್ಟು ತಡೆಯುತ್ತಾರೆ.

ಬಿಸಿ ಹಾಲು, ಕನ್ನಡಕ, ನಾಲ್ಕು ಮಾತು

ಅಮೆರಿಕ ದೇಶದಲ್ಲಿ ಶರನ್ ಇನೌಯೆ ಅನ್ನುವ ಡಾಕ್ಟರಮ್ಮ ಇದ್ದಾರೆ. ಸನ್ನಿಯನ್ನು ತಡೆಯುವುದು ಹೇಗೆ ಅಂತ ಅವರು ಮತ್ತು ಅವರ ಜೊತೆಯವರು ಯೇಲ್ ಅನ್ನುವ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿದರು. 1999ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು.

70 ವರ್ಷ ದಾಟಿದ 852 ರೋಗಿಗಳು ಇದರಲ್ಲಿ ಇದ್ದರು. ಅರ್ಧ ಜನಕ್ಕೆ ಎಂದಿನ ಆರೈಕೆ. ಇನ್ನರ್ಧ ಜನಕ್ಕೆ ಎಂದಿನ ಆರೈಕೆ ಜೊತೆ ಬೇರೆ ಕೆಲವು ಕೆಲಸ. ಏನು ಆ ಕೆಲಸ? ದೊಡ್ಡ ಯಂತ್ರವಲ್ಲ, ದುಬಾರಿ ಔಷಧಿಯೂ ಅಲ್ಲ. ದಿನಾ ಎಬ್ಬಿಸಿ ನಡೆಸುವುದು. ಇವತ್ತು ಯಾವ ದಿನ, ಎಲ್ಲಿದ್ದೀರಿ ಅಂತ ಹೇಳುವುದು, ಮಾತಾಡಿಸುವುದು. ಕನ್ನಡಕ ಹಾಕಿಸುವುದು. ಕಿವಿ ಕೇಳುವಂತೆ ಮಾಡುವುದು. ನೀರು ಕುಡಿಸುವುದು. ನಿದ್ದೆ ಮಾತ್ರೆ ಬದಲು ಬಿಸಿ ಹಾಲು ಕೊಟ್ಟು, ಬೆನ್ನು ನೀವಿ, ಗದ್ದಲ ಕಡಿಮೆ ಮಾಡಿ ಮಲಗಿಸುವುದು.

ಎಂದಿನ ಆರೈಕೆ ಪಡೆದವರಲ್ಲಿ 100ಕ್ಕೆ 15 ಜನರಿಗೆ ಸನ್ನಿ ಬಂತು. ಈ ಕೆಲಸಗಳನ್ನು ಮಾಡಿದವರಲ್ಲಿ 100ಕ್ಕೆ 10 ಜನರಿಗೆ ಮಾತ್ರ ಬಂತು. ಅಂದರೆ ಮೂರರಲ್ಲಿ ಒಂದು ಪಾಲು ಕಡಿಮೆ ಆಯಿತು. ಇನ್ನೊಂದು ಸಂಗತಿಯೂ ಗೊತ್ತಾಯಿತು. ಸನ್ನಿ ಬಂದ ಮೇಲೆ ಈ ಕೆಲಸಗಳಿಂದ ಅದರ ಜೋರು ಹೆಚ್ಚೇನೂ ಇಳಿಯಲಿಲ್ಲ. ಅಂದರೆ ಬರುವ ಮೊದಲೇ ತಡೆಯುವುದು ಮೇಲು.

ಅಲ್ಲಿ ಈ ಕೆಲಸಕ್ಕೆ ತರಬೇತಿ ಪಡೆದ ಸ್ವಯಂಸೇವಕರನ್ನು ಇಟ್ಟಿದ್ದರು. ನಮ್ಮಲ್ಲಿ ರೋಗಿಯ ಜೊತೆ ಮನೆಯವರೇ ಇರುತ್ತೇವೆ. ಈ ಕೆಲಸ ನಮ್ಮ ಕೈಲೂ ಆಗುತ್ತೆ.

ಜೊತೆಗಿರುವ ನಾವು ಏನು ಮಾಡೋಣ?

ಆಸ್ಪತ್ರೆಗೆ ಹೊರಡುವಾಗ ಕನ್ನಡಕ, ಕಿವಿ ಯಂತ್ರ, ಹಲ್ಲಿನ ಸೆಟ್ಟು, ಊರುಗೋಲು ಮರೆಯದೆ ತಗೊಳ್ಳಿ. "ಮಲಗಿರೋರಿಗೆ ಕನ್ನಡಕ ಯಾಕೆ" ಅನ್ನಬೇಡಿ. ಕಣ್ಣು ಮಂಜಾದವರಿಗೆ ಗೋಡೆಯ ಮೇಲಿನ ಕಲೆ ಹಾವಿನ ಹಾಗೆ ಕಾಣಬಹುದು.

ಬೆಳಿಗ್ಗೆ ಎದ್ದ ಕೂಡಲೇ ಹೇಳಿ: "ಅತ್ತೆ, ಇವತ್ತು ಸೋಮವಾರ. ನಾವು ಆಸ್ಪತ್ರೇಲಿ ಇದ್ದೀವಿ. ನಿಮ್ಮ ಕಾಲಿಗೆ ಆಪರೇಷನ್ ಆಗಿದೆ. ನಾನು ಇಲ್ಲೇ ಇದ್ದೀನಿ." ಇದನ್ನು ದಿನಕ್ಕೆ ಹತ್ತು ಸಲ ಹೇಳಿದರೂ ತಪ್ಪಿಲ್ಲ.

ಹಗಲು ಕಿಟಕಿ ತೆಗೆಸಿ. ಬೆಳಕು ಬರಲಿ. ಹಗಲಿಡೀ ಮಲಗಲು ಬಿಡಬೇಡಿ. ಊರಿನ ಸುದ್ದಿ, ಮಳೆ ಬೆಳೆ ಸುದ್ದಿ ಮಾತಾಡಿ. ರಾತ್ರಿ ದೀಪ ಸಣ್ಣದಿರಲಿ. ಮೊಬೈಲ್ ಸದ್ದು ಬೇಡ.

ನೀರು, ಮಜ್ಜಿಗೆ, ಗಂಜಿಯನ್ನು ಸ್ವಲ್ಪ ಸ್ವಲ್ಪವಾಗಿ ಆಗಾಗ ಕೊಡಿ. ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ ಕುಡಿಸಿ. ಮಂಕಾಗಿರುವಾಗ ಬಾಯಿಗೆ ಹಾಕಬೇಡಿ, ಶ್ವಾಸನಾಳಕ್ಕೆ ಹೋಗಬಹುದು. ಹೃದಯ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಆಪರೇಷನ್ ಆಗಬೇಕಾದವರಿಗೆ ಎಷ್ಟು ಕೊಡಬೇಕು ಅಂತ ಸಿಸ್ಟರನ್ನು ಕೇಳಿಯೇ ಕೊಡಿ.

ಡಾಕ್ಟರು ಒಪ್ಪಿದ ಕೂಡಲೇ ಎಬ್ಬಿಸಿ ಕೂರಿಸಿ. ಕೈಹಿಡಿದು ನಾಲ್ಕು ಹೆಜ್ಜೆ ನಡೆಸಿ. ಮೂತ್ರದ ಪೈಪು ಇನ್ನೂ ಬೇಕೇ ಅಂತ ದಿನಾ ಕೇಳಿ. ಹೊರಕಡೆಗೆ ಹೋಗಿ ಎಷ್ಟು ದಿನವಾಯಿತು ಅಂತ ನೆನಪಿಟ್ಟು ಹೇಳಿ. ನೋವಿದೆಯೇ ಅಂತ ಕೇಳಿ. ನಮ್ಮ ಹಿರಿಯರು ನೋವಿದ್ದರೂ ಬಾಯಿ ಬಿಡುವುದಿಲ್ಲ.

ದಿನಕ್ಕೊಮ್ಮೆ ಗಮನ ಹೇಗಿದೆ ಅಂತ ನೋಡಿ. ಡಾಕ್ಟರುಗಳು ಹುಟ್ಟಿದ ತಾರೀಖು, ಇಸವಿ ಕೇಳುತ್ತಾರೆ. ನಮ್ಮ ಎಷ್ಟೋ ಅಜ್ಜಿಯರಿಗೆ ಅದು ಮೊದಲಿನಿಂದಲೂ ಗೊತ್ತಿಲ್ಲ. ಅದಕ್ಕೆ ಅವರಿಗೆ ಗೊತ್ತಿದ್ದದ್ದನ್ನೇ ಕೇಳಿ. ಊರು ಯಾವುದು? ಮಕ್ಕಳೆಷ್ಟು? ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿ, ಶನಿವಾರ, ಶುಕ್ರವಾರ, ಹೀಗೆ. ನಿನ್ನೆ ಹೇಳಿದವರು ಇವತ್ತು ತಡವರಿಸಿದರೆ ಡಾಕ್ಟರಿಗೆ ತಿಳಿಸಿ.

ಒಂದು ಚೀಟಿ ಬರೆಯೋಣ

ಆಸ್ಪತ್ರೆಯಲ್ಲಿ ಡಾಕ್ಟರು ಬದಲಾಗುತ್ತಾರೆ. ಸಿಸ್ಟರು ಬದಲಾಗುತ್ತಾರೆ. ಅವರಿಗೆ ಅಜ್ಜಿ ಮೊದಲು ಹೇಗಿದ್ದರು ಅಂತ ಗೊತ್ತಿರುವುದಿಲ್ಲ. ಅವರು ಇವತ್ತಿನ ಅಜ್ಜಿಯನ್ನು ಮಾತ್ರ ನೋಡುತ್ತಾರೆ. ನಿನ್ನೆಯ ಅಜ್ಜಿ ಗೊತ್ತಿರುವುದು ನಮಗೆ ಮಾತ್ರ. ಅದಕ್ಕೇ ನಮ್ಮ ಮಾತಿಗೆ ಅಷ್ಟು ಬೆಲೆ.

ಈಗ ನಮಗೆ ಬರೆಯಲು ಬರುತ್ತೆ. ಒಂದು ಹಾಳೆಯಲ್ಲಿ ಹೀಗೆ ಬರೆದು ಇಟ್ಟುಕೊಳ್ಳಿ:

ಹೆಸರು, ವಯಸ್ಸು.
ಇರುವ ಕಾಯಿಲೆ: ಸಕ್ಕರೆ, ಬಿಪಿ.
ದಿನಾ ತಗೊಳ್ಳುವ ಮಾತ್ರೆ: (ಚೀಟಿ ನೋಡಿ ಬರೆಯಿರಿ. ಬರೆಯಲಾಗದಿದ್ದರೆ ಮಾತ್ರೆಯ ಹಾಳೆಯನ್ನೇ ಚೀಲದಲ್ಲಿ ಇಟ್ಟುಕೊಳ್ಳಿ.)
ಆಗದ ಔಷಧಿ.
ಕಣ್ಣು: ಕನ್ನಡಕ ಬೇಕು. ಕಿವಿ: ಎಡಗಿವಿ ಕೇಳುವುದಿಲ್ಲ.
ಮನೆಯಲ್ಲಿ ಹೇಗಿದ್ದರು: ತಾವೇ ಸ್ನಾನ ಮಾಡುತ್ತಿದ್ದರು. ಎಲ್ಲರ ಹೆಸರೂ ಗೊತ್ತಿತ್ತು.
ಈ ಬದಲಾವಣೆ ಯಾವಾಗ ಶುರುವಾಯಿತು: ದಿನ, ಹೊತ್ತು.

ಬರೆದ ಹಾಳೆ ಸುಳ್ಳಾಡುವುದಿಲ್ಲ, ಮರೆಯುವುದೂ ಇಲ್ಲ. ಪಾಳಿ ಬದಲಾದಾಗ ಹೊಸ ಸಿಸ್ಟರಿಗೆ ತೋರಿಸಿ.

ಸನ್ನಿ ಬಂದೇ ಬಿಟ್ಟರೆ

ತಡಮಾಡದೆ ಸಿಸ್ಟರಿಗೆ, ಡಾಕ್ಟರಿಗೆ ಹೇಳಿ. "ಇವರು ನಿನ್ನೆ ಹೀಗಿರಲಿಲ್ಲ" ಅನ್ನುವ ಮಾತು ಸಾಕು. ಒಬ್ಬರು ಕೇಳದಿದ್ದರೆ ಇನ್ನೊಬ್ಬರಿಗೆ ಹೇಳಿ. ಸುಮ್ಮನೆ ಮಲಗಿರುವವರ ವಿಷಯವನ್ನೂ ಹೇಳಿ.

ಜೋರು ಮಾಡಬೇಡಿ. ಬೈಯಬೇಡಿ. ನಗಬೇಡಿ. "ಹಾವೂ ಇಲ್ಲ, ಏನೂ ಇಲ್ಲ, ಸುಮ್ಮನೆ ಬಿದ್ಕೋ" ಅಂತ ವಾದಕ್ಕೆ ಇಳಿಯಬೇಡಿ. ಅವರಿಗೆ ಅದು ನಿಜವಾಗಿ ಕಾಣುತ್ತಿದೆ. ಕೈಹಿಡಿದು ಮೆಲ್ಲಗೆ ಹೇಳಿ: "ಹೆದರ್ಬೇಡಿ ಅತ್ತೆ, ನಾನಿದ್ದೀನಿ." ಒಬ್ಬರೇ ಮಾತಾಡಿ. ಹತ್ತು ಜನ ಸುತ್ತ ನಿಂತರೆ ಇನ್ನೂ ಹೆದರುತ್ತಾರೆ.

ಕೈಕಾಲು ಕಟ್ಟಿದರೆ ಸನ್ನಿ ಹೆಚ್ಚಾಗುತ್ತೆ. "ಸಿಸ್ಟರ್, ಕಟ್ಟಬೇಡಿ, ನಾವು ಪಕ್ಕದಲ್ಲೇ ಕೂತಿರ್ತೀವಿ" ಅಂತ ಕೇಳಿಕೊಳ್ಳಿ.

ಈ ಹೊತ್ತಿನಲ್ಲಿ ಹಿರಿಯರು ನಮ್ಮ ಮೇಲೆ ಏನೇನೋ ಹೊರಿಸಬಹುದು. ವಿಷ ಹಾಕಿದಳು, ಒಡವೆ ಕದ್ದಳು ಅನ್ನಬಹುದು. ಸೊಸೆಯರಿಗೆ ಈ ಮಾತು ಎದೆಗೆ ನಾಟುತ್ತೆ. ಅದು ಅತ್ತೆಯ ಮನಸ್ಸಿನ ಮಾತಲ್ಲ, ಕಾಯಿಲೆ ಆಡಿಸುವ ಮಾತು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಮನೆಯವರೂ ಇದನ್ನು ಹಿಡಿದು ಜಗಳ ಬೆಳೆಸಬಾರದು.

ಒಬ್ಬಳೇ ಹಗಲೂ ರಾತ್ರಿ ಎದ್ದಿರಲು ಆಗುವುದಿಲ್ಲ. ಪಾಳಿ ಹಾಕಿಕೊಳ್ಳಿ. ಗಂಡಸರೂ ಕೂರಲಿ. ಹೆತ್ತವರನ್ನು ನೋಡಿಕೊಳ್ಳುವುದು ಮಗನ ಕೆಲಸವೂ ಹೌದು.

ಮನೆಯಲ್ಲಿರುವಾಗಲೇ ಹೀಗಾದರೆ ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತೆ. ಸಕ್ಕರೆ ಕಾಯಿಲೆಯವರು ಬೆವತು ತೊದಲಿದರೆ ರಕ್ತದಲ್ಲಿ ಸಕ್ಕರೆ ಇಳಿದಿರಬಹುದು. ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಬಿದ್ದುಹೋದರೆ ಅದು ಲಕ್ವ ಇರಬಹುದು. ಇವಕ್ಕೆ ಒಂದೊಂದು ನಿಮಿಷವೂ ಮುಖ್ಯ.

ಗುಣವಾದ ಮೇಲೆ

ಕಾರಣ ಸಿಕ್ಕು ಚಿಕಿತ್ಸೆ ಆದರೆ ಎಷ್ಟೋ ಜನ ಕೆಲವು ದಿನಗಳಲ್ಲಿ ತಿಳಿಯಾಗುತ್ತಾರೆ. ಕೆಲವರಿಗೆ ವಾರಗಳು, ತಿಂಗಳುಗಳು ಬೇಕು. ಕೆಲವರು ಮೊದಲಿನಷ್ಟು ಆಗದೆಯೂ ಇರಬಹುದು. ತಾಳ್ಮೆ ಇರಲಿ.

ಆಗ ಆಡಿದ ಮಾತು ಕೆಲವರಿಗೆ ಅರ್ಧಂಬರ್ಧ ನೆನಪಿರುತ್ತೆ. ನಾಚಿಕೆ ಪಡುತ್ತಾರೆ. "ನನಗೆ ಹುಚ್ಚು ಹಿಡಿದಿತ್ತೇನೋ" ಅಂತ ಒಳಗೇ ಕೊರಗುತ್ತಾರೆ. "ಅದು ಕಾಯಿಲೆಯಿಂದ ಆಗಿತ್ತು, ಈಗ ವಾಸಿಯಾಗಿದೆ" ಅಂತ ಬಿಡಿಸಿ ಹೇಳಿ. ನೆಂಟರ ಮುಂದೆ ಅವರ ಮಾತನ್ನು ಆಡಿ ತೋರಿಸಿ ನಗಬೇಡಿ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ "ಹಿಂದೆ ಒಮ್ಮೆ ಸನ್ನಿ ಬಂದಿತ್ತು" ಅಂತ ಮೊದಲೇ ಹೇಳಿ. ಆ ಮಾತನ್ನೂ ನಿಮ್ಮ ಚೀಟಿಯಲ್ಲಿ ಬರೆದಿಡಿ.

ಕೂಡಿ ಮಾತಾಡೋಣ

1. ನಮ್ಮ ಬೀದಿಯಲ್ಲಿ ಯಾವ ಹಿರಿಯರಿಗೆ ಕಣ್ಣು, ಕಿವಿ ಮಂದವಾಗಿದೆ? ಅವರಿಗೆ ಕನ್ನಡಕ ಇದೆಯೇ?

2. ಮರೆವಿನ ಕಾಯಿಲೆಗೂ ಸನ್ನಿಗೂ ವ್ಯತ್ಯಾಸ ಏನು?

3. ಸುಮ್ಮನೆ ಮಲಗುವ ಸನ್ನಿಯನ್ನು ಹೇಗೆ ಗುರುತಿಸುತ್ತೀರಿ?

4. ನಮ್ಮ ಮನೆಯಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ಯಾರು ಯಾರು ಪಾಳಿಯಲ್ಲಿ ಕೂರಬಹುದು?

5. ನಿಮ್ಮ ಮನೆಯ ಹಿರಿಯರ ಹೆಸರು, ವಯಸ್ಸು, ಅವರು ತಗೊಳ್ಳುವ ಮಾತ್ರೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆಯಿರಿ. ಅಕ್ಷರ ಸೊಟ್ಟಗಿದ್ದರೂ ಚಿಂತೆಯಿಲ್ಲ. ಅದನ್ನು ಮನೆಯಲ್ಲಿ ಎಲ್ಲರಿಗೂ ಕಾಣುವ ಕಡೆ ಇಡಿ.